ಬುಜ್ ಬಿಮ್‌ನ ಕಲ್ಲುಕಾಲುವೆಗಳ ಎದುರು ನಿಂತು

ಮೆಲ್ಬರ್ನ್‌ನಲ್ಲಿ ನಾವು ನಡೆಸುವ ಕನ್ನಡದ ಕಾರ್ಯಕ್ರಮಗಳಲ್ಲಿ ದೀಪ ಬೆಳಗುವ ಮುನ್ನ ಯಾರಾದರೊಬ್ಬರು ವೇದಿಕೆಗೆ ಬಂದು, ಈ ನೆಲದ ಮೂಲ ಒಡೆಯರಾದ ವುರುಂಡ್ಜೆರಿ ಜನರಿಗೂ ಅವರ ಹಿರಿಯರಿಗೂ ಗೌರವ ಸಲ್ಲಿಸುವ ನಾಲ್ಕು ಸಾಲುಗಳನ್ನು ಓದುತ್ತಾರೆ. ನಾನೂ ಹಲವು ಸಲ ಓದಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ಬುಜ್ ಬಿಮ್‌ಗೆ ಹೋಗಿ ಬಂದ ಮೇಲೆ, ಆ ಸಾಲುಗಳಲ್ಲಿ ಬರುವ ‘ನೆಲ’ ಎಂಬ ಮಾತಿನ ತೂಕ ತಿಳಿಯದೆಯೇ ಇಷ್ಟು ವರ್ಷ ಓದುತ್ತಿದ್ದೆನೆಂದು ಮನಸ್ಸಿಗೆ ನಾಟಿತು.

ಬುಜ್ ಬಿಮ್ ಇರುವುದು ವಿಕ್ಟೋರಿಯಾ ರಾಜ್ಯದ ನೈಋತ್ಯ ಮೂಲೆಯಲ್ಲಿ, ಮೆಲ್ಬರ್ನ್‌ನಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಸುಮಾರು 37,000 ವರ್ಷಗಳ ಹಿಂದೆ ಸಿಡಿದು ಈಗ ಆರಿಹೋಗಿರುವ ಜ್ವಾಲಾಮುಖಿ ಅದು. ಅಲ್ಲಿನ ಗುಂಡಿಟ್ಜ್‌ಮಾರ ಜನರಿಗೆ ಆ ಬೆಟ್ಟವೇ ಮೂಲಪುರುಷ. ‘ಬುಜ್ ಬಿಮ್’ ಎಂದರೆ ಎತ್ತರದ ತಲೆ, ಹರಿದು ಹೆಪ್ಪುಗಟ್ಟಿದ ಲಾವಾದ ಕಲ್ಲುಗಳೆಲ್ಲ ಅವನ ಹಲ್ಲುಗಳು. ಆ ಕಪ್ಪು ಕಲ್ಲುಗಳನ್ನೇ ಎತ್ತಿ, ಜೋಡಿಸಿ, ಕೆಲವೆಡೆ ಬಂಡೆಯನ್ನೇ ಕಡಿದು ಅವರು ಮಾಡಿಕೊಂಡ ಕಾಲುವೆ, ಒಡ್ಡು ಮತ್ತು ಮಡುಗಳಲ್ಲಿ ಅತ್ಯಂತ ಹಳೆಯವು 6,600 ವರ್ಷಗಳಷ್ಟು ಹಿಂದಿನವು. ಇವೆಲ್ಲ ಹಾವುಮೀನು ಹಿಡಿಯಲು ಮತ್ತು ಸಾಕಲು. ಅವರು ಅದನ್ನು ಕೂಯಾಂಗ್ ಎನ್ನುತ್ತಾರೆ. ದೂರದ ಕೋರಲ್ ಸಮುದ್ರದ ಕಡೆ ಹುಟ್ಟಿ, ಹೊಳೆಗಳನ್ನು ಹತ್ತಿ ಬಂದು, ಇಲ್ಲಿನ ಟೇ ರಕ್ ಸರೋವರದಲ್ಲಿ ವರ್ಷಗಟ್ಟಲೆ ಬೆಳೆದು, ಒಂದು ಶರತ್ಕಾಲದಲ್ಲಿ ಮೊಟ್ಟೆಯಿಡಲು ಮತ್ತೆ ಸಮುದ್ರದ ದಾರಿ ಹಿಡಿಯುವ ಮೀನದು. ಅದು ಯಾವಾಗ ಹೊರಡುತ್ತದೆ, ಯಾವ ಮಟ್ಟದ ನೀರಿಗೆ ಯಾವ ಕಾಲುವೆ ತುಂಬುತ್ತದೆ ಎಂಬುದನ್ನು ತಲೆಮಾರುಗಳು ನೋಡಿ ನೋಡಿ ಅರಿತಿದ್ದರಿಂದಲೇ ಆ ಕಟ್ಟಡ ನಿಂತಿದೆ.

ನಮ್ಮನ್ನು ಕರೆದೊಯ್ದ ಗುಂಡಿಟ್ಜ್‌ಮಾರ ಮಾರ್ಗದರ್ಶಿ ಹುಲ್ಲಿನಿಂದ ಹೆಣೆದ ಒಂದು ಬುಟ್ಟಿಯನ್ನು ನನ್ನ ಕೈಗಿತ್ತರು. ಬಾಯಿ ಅಗಲ, ಮೈ ನೀಳ, ತುದಿ ಸಪೂರ. ಒಡ್ಡಿನ ನಡುವೆ ಬಿಟ್ಟ ಕಿಂಡಿಗೆ ಅದರ ಬಾಯಿಯನ್ನು ಕೂರಿಸಿದರೆ ನೀರಿನೊಂದಿಗೆ ಬಂದ ದಪ್ಪ ಮೀನು ಸಿಕ್ಕಿಕೊಳ್ಳುತ್ತದೆ, ಮರಿ ನುಸುಳಿ ಪಾರಾಗುತ್ತದೆ. ತೀರ್ಥಹಳ್ಳಿಯ ಕಡೆ ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನಿಗೆ ಅಜ್ಜ ಒಡ್ಡುತ್ತಿದ್ದ ಬಿದಿರಿನ ಕೂಣಿ ನೆನಪಾಗಿ, ಸ್ವಲ್ಪ ಹೊತ್ತು ಅದನ್ನು ಹಿಂದಿರುಗಿಸಲು ಮನಸ್ಸಾಗಲಿಲ್ಲ.

ಮೂಲನಿವಾಸಿಗಳಿಗೂ ನೆಲಕ್ಕೂ ಇರುವ ನಂಟನ್ನು ನಾವು ಹೊರಗಿನವರು ಕೇವಲ ಭಕ್ತಿಯ, ಪುರಾಣದ ಮಾತಾಗಿ ನೋಡುತ್ತೇವೆ. ಆ ನಂಟಿನಲ್ಲಿ ದುಡಿಮೆಯಿದೆ, ಲೆಕ್ಕಾಚಾರವಿದೆ, ದುರಸ್ತಿಯಿದೆ; ಹುಲ್ಲು ಒಣಗುವ ಹದ ನೋಡಿ ಸಣ್ಣ ಬೆಂಕಿ ಇಟ್ಟು ದೊಡ್ಡ ಕಾಳ್ಗಿಚ್ಚನ್ನು ತಡೆಯುವ ಅವರ ಪದ್ಧತಿಯೂ ಅಂಥದ್ದೇ. ಇವರು ಬರಿಯ ಅಲೆಮಾರಿಗಳು, ನೆಲಕ್ಕಾಗಿ ಏನನ್ನೂ ಮಾಡಿದವರಲ್ಲ ಎಂಬ ಚಿತ್ರವೇ, ಈ ಖಂಡ ಯಾರಿಗೂ ಸೇರದ ಬರಿದಾದ ನೆಲವಾಗಿತ್ತು ಎಂಬ ವಸಾಹತು ಕಾನೂನಿಗೆ ಊರುಗೋಲಾಯಿತು. ಬಾಕ್ಸೈಟ್ ಗಣಿಯ ವಿರುದ್ಧ ಉತ್ತರ ಆಸ್ಟ್ರೇಲಿಯಾದ ಯೋಲ್ಙು ಮೂಲನಿವಾಸಿಗಳು ಹೂಡಿದ ಮೊಕದ್ದಮೆಯಲ್ಲಿ 1971ರಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್, ನೆಲ ಈ ಕುಲಕ್ಕೆ ಸೇರಿದ್ದು ಎನ್ನುವುದಕ್ಕಿಂತ ಈ ಕುಲವೇ ನೆಲಕ್ಕೆ ಸೇರಿದ್ದು ಎನ್ನುವುದು ಸುಲಭ ಎಂದು ಒಪ್ಪಿಯೂ ಅವರಿಗೆ ಹಕ್ಕನ್ನು ನಿರಾಕರಿಸಿದರು. ಆ ತೀರ್ಪಿನ ವಿಷಯ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಏಕೆಂದರೆ ಸತ್ಯವನ್ನು ಕಂಡವರೇ ಅದನ್ನು ಬದಿಗಿಟ್ಟರು. ಟೊರೆಸ್ ಜಲಸಂಧಿಯ ಮೇರ್ ದ್ವೀಪದಲ್ಲಿ ತಮ್ಮ ಮನೆತನದ ತೋಟಗಳಿಗೆ ಗಡಿಗಳಿವೆ ಎಂದು ಹೋರಾಡಿದ ಎಡ್ಡಿ ಮಾಬೊ ಮತ್ತು ಸಂಗಡಿಗರ ಮೊಕದ್ದಮೆಯಲ್ಲಿ 1992ರ ಜೂನ್ 3ರಂದು ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಆ ಹುಸಿ ಕಾನೂನನ್ನು ತಳ್ಳಿಹಾಕಿತು. ಮಾಬೊ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

ಗುಂಡಿಟ್ಜ್‌ಮಾರ ಜನರ ಕಥೆಯೂ ಸುಲಭದ್ದಲ್ಲ. 1840ರ ದಶಕದಲ್ಲಿ ಕುರಿ ಸಾಕಲು ಬಂದವರ ಎದುರು ಕಾದಾಡಿ ಸೋತರು, ಉಳಿದವರಲ್ಲಿ ಅನೇಕರನ್ನು ಕಾಂಡಾ ಸರೋವರದ (ಟೇ ರಕ್‌ಗೆ ಬಿಳಿಯರಿಟ್ಟ ಹೆಸರು) ಕ್ರೈಸ್ತ ಮಿಷನ್ನಿಗೆ ತಳ್ಳಲಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಮಿಷನ್ನಿನ ಜಮೀನನ್ನು ಬಿಳಿಯ ಸೈನಿಕರಿಗೆ ಹಂಚಿದರು. ಅದೇ ನೆಲದಲ್ಲಿ ಬೆಳೆದು ಅದೇ ಸೇನೆಯಲ್ಲಿ ಹೋರಾಡಿದ ಗುಂಡಿಟ್ಜ್‌ಮಾರ ಯೋಧರಿಗೆ ಒಂದು ತುಂಡೂ ಸಿಗಲಿಲ್ಲ. ಮೂಲನಿವಾಸಿಗಳಲ್ಲಿ ಮೊದಲ ಸೇನಾಧಿಕಾರಿ ಎಂದು ಹೆಸರಾದ ರೆಜ್ ಸಾಂಡರ್ಸ್ ಇದೇ ಸಮುದಾಯದವರು ಎಂಬುದನ್ನು ಇಲ್ಲಿ ನೆನೆಯಬೇಕು.  ಟೇ ರಕ್ ಸರೋವರವನ್ನೂ 1950ರ ದಶಕದ ಹೊತ್ತಿಗೆ ತೋಡುಗಾಲುವೆ ತೆಗೆದು ಬಸಿದುಬಿಟ್ಟರು. ನೀರಿಲ್ಲದ ಕಾಲುವೆಗಳ ಬಳಿ ಅಜ್ಜಿಯರು ಮೊಮ್ಮಕ್ಕಳಿಗೆ ಮೀನಿನ ದಾರಿಯನ್ನು ಹೇಳಿಕೊಡುವುದನ್ನು ಬಿಡಲಿಲ್ಲ ಎಂದು ಮಾರ್ಗದರ್ಶಿ ಹೇಳಿದರು. 2007ರಲ್ಲಿ ನ್ಯಾಯಾಲಯ ಅವರ ಹಕ್ಕನ್ನು ಮಾನ್ಯ ಮಾಡಿತು, 2010ರಲ್ಲಿ ಒಡ್ಡು ಕಟ್ಟಿ ನೀರನ್ನು ಮರಳಿ ತಂದರು, 2019ರಲ್ಲಿ ಯುನೆಸ್ಕೊ ಬುಜ್ ಬಿಮ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದರ ಮರುವರ್ಷವೇ, 2020ರ ಮೇ ತಿಂಗಳಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಜುಕಾನ್ ಕಣಿವೆಯಲ್ಲಿ 46,000 ವರ್ಷಗಳ ಹಿಂದೆಯೂ ಮನುಷ್ಯರು ತಂಗಿದ್ದ ಕಲ್ಲಾಸರೆಗಳನ್ನು ರಿಯೊ ಟಿಂಟೊ ಕಂಪನಿ ಕಬ್ಬಿಣದ ಅದಿರಿಗಾಗಿ ಸಿಡಿಸಿತು. ಅಲ್ಲಿ ದೊರೆತಿದ್ದ 4,000 ವರ್ಷ ಹಳೆಯ ಕೂದಲ ಹೆಣಿಗೆಯ ವಂಶವಾಹಿ, ಇಂದು ಬದುಕಿರುವ ಆ ನೆಲದ ಜನರದಕ್ಕೆ ಹೊಂದಿಕೆಯಾಗಿತ್ತು. ಸಿಡಿಸಿದ್ದು ಕಾನೂನಿನ ಪ್ರಕಾರ ಅನುಮತಿ ಪಡೆದೇ. ಪಟ್ಟಿಗೆ ಸೇರಿಸಿ ಸನ್ಮಾನಿಸುವುದೂ ಸಿಡಿಮದ್ದಿಗೆ ಅನುಮತಿ ಕೊಡುವುದೂ ಒಂದೇ ದೇಶದಲ್ಲಿ ಒಟ್ಟಿಗೆ ನಡೆಯುತ್ತಿರುವಾಗ, ಇಲ್ಲಿ ಮನೆ ಕಟ್ಟಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಇದು ನಮ್ಮ ವಿಷಯವಲ್ಲ ಎನ್ನಲಾಗದು. ಈ ನೆಲ ನಮಗೂ ಅನ್ನ ಕೊಡುತ್ತಿದೆ.

ನಮ್ಮ ಬಳಗದ ಸಭೆಯಲ್ಲಿ ಎರಡು ಮನವಿ ಇಟ್ಟಿದ್ದೇನೆ. ಈ ನವೆಂಬರ್‌ನ ರಾಜ್ಯೋತ್ಸವದಲ್ಲಿ ಆ ನಾಲ್ಕು ಸಾಲುಗಳನ್ನು ನಾವೇ ಓದಿ ಮುಗಿಸುವ ಬದಲು, ಸ್ವಾಗತಿಸುವ ಅಧಿಕಾರ ನಿಜವಾಗಿಯೂ ಇರುವ ವುರುಂಡ್ಜೆರಿ ಹಿರಿಯರೊಬ್ಬರನ್ನು ಕರೆಸಿ, ಅವರ ಗೌರವಧನಕ್ಕೆ ಮೊದಲೇ ಹಣ ತೆಗೆದಿಡೋಣ. ಬರುವ ಏಪ್ರಿಲ್‌ನಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಒಂದು ಬಸ್ಸು ಮಾಡಿ ಟೇ ರಕ್‌ಗೆ ಕರೆದೊಯ್ಯೋಣ. ಹೊರಡಲು ಸಿದ್ಧರಿರುವ ತಂದೆತಾಯಿಯರು ಇಲ್ಲಿಯೇ ತಿಳಿಸಿ. ಊಟದ ಬುತ್ತಿ ಮತ್ತು ಮಳೆಯಂಗಿ ಜೊತೆಗಿರಲಿ, ಆ ಕಡೆ ಗಾಳಿ ಬಹಳ ತಣ್ಣಗಿರುತ್ತದೆ.