ಹದಿನೈದು ವರ್ಷದ ಗಾಡಿ ನೇರ ಗುಜರಿಗೆ? ಹಾಗೇನಿಲ್ಲ

“15 ವರ್ಷ ದಾಟಿದ ಗಾಡಿ ಮನೆ ಮುಂದೆ ನಿಂತಿದ್ದರೆ ಪೊಲೀಸರು ಎತ್ತಿಕೊಂಡು ಹೋಗಿ ಗುಜರಿಗೆ ಹಾಕ್ತಾರೆ” ಎಂಬ ವಾಟ್ಸಾಪ್ ಸಂದೇಶ ಬೆಂಗಳೂರಿನಲ್ಲಿ ಓಡಾಡುತ್ತಿದೆ. ಎರಡು ಬೇರೆ ಬೇರೆ ನಿಯಮಗಳನ್ನು ಯಾರೋ ಕಲಸಿಬಿಟ್ಟಿದ್ದಾರೆ.

ವಯಸ್ಸಿನ ಲೆಕ್ಕ ದೆಹಲಿ ಸುತ್ತಮುತ್ತಲಿನದು. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿ ಅಲ್ಲಿ ರಸ್ತೆಗಿಳಿಯಬಾರದು ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮಲ್ಲಿ ಸ್ವಂತ ಕಾರು, ಬೈಕು 15 ವರ್ಷ ದಾಟಿದರೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬಹುದು.

ಹಾಗಂತ ಟಯರ್ ಇಳಿದು, ಬಾನೆಟ್ ಮೇಲೆ ಹೊಂಗೆ ಎಲೆ ಕೊಳೆಯುತ್ತಿರುವ ಕಾರನ್ನು ಬೀದಿಯಲ್ಲೇ ಬಿಡಬಹುದು ಅಂತಲ್ಲ. ಮೋಟಾರು ವಾಹನ ಕಾಯ್ದೆಯ 127ನೇ ಕಲಂ ವಯಸ್ಸು ಕೇಳುವುದೇ ಇಲ್ಲ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಜಾಸ್ತಿ ಹೊತ್ತು ಅನಾಥವಾಗಿ ಬಿಟ್ಟ ಗಾಡಿಯನ್ನು ಎಳೆದೊಯ್ಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಹೇಳಬಹುದು. ಖರ್ಚು ಮಾಲೀಕರದ್ದೇ. ಎಳೆದೊಯ್ಯುವುದು ಬೇರೆ, ಗುಜರಿಗೆ ಹಾಕುವುದು ಬೇರೆ ಅಲ್ವಾ?

ಸಂದೇಶದಲ್ಲಿ ಇಲ್ಲದ, ಆದರೆ ಇರಬೇಕಿದ್ದ ಮಾತೊಂದಿದೆ. ಗಾಡಿ ಇನ್ನೆಂದೂ ಓಡದ ಸ್ಥಿತಿಗೆ ಬಂದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು (55ನೇ ಕಲಂ). ಸುಮ್ನೆ ಗುಜರಿ ಅಂಗಡಿಗೆ ಕೊಟ್ಟು ಕಾಸು ಎಣಿಸಿಕೊಂಡರೆ ಆರ್‌ಸಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಟ್ಟು, ಅಲ್ಲಿಂದ ಠೇವಣಿ ಪ್ರಮಾಣಪತ್ರ (ಗಾಡಿ ಒಪ್ಪಿಸಿದ್ದಕ್ಕೆ ಕೊಡುವ ದಾಖಲೆ) ಪಡೆದುಕೊಳ್ಳಿ.