ಬೈಯಲಿಕ್ಕೂ ಒಂದು ಭಾಷೆ ಬೇಕು

ಕೊಲೆ ಪ್ರಕರಣವೊಂದರಲ್ಲಿ ಯೆಮೆನ್ನಿನ ಸನಾ ಜೈಲಿನಲ್ಲಿರುವ ಪಾಲಕ್ಕಾಡಿನ ನರ್ಸ್ ಒಬ್ಬರ ಮರಣದಂಡನೆ ಮುಂದಕ್ಕೆ ಹೋಯಿತೆಂಬ ಸುದ್ದಿ 2025ರ ಜುಲೈ 15ರಂದು ಬಂದಾಗ, ಕಲ್ಲಿಕೋಟೆಯಲ್ಲಿ ‘ಉಸ್ತಾದ್’ ಎಂದರೆ ಸಾಕಿತ್ತು, ಯಾರು ಏನು ಮಾಡಿದರು ಎಂದು ಬಿಡಿಸಿ ಹೇಳಬೇಕಿರಲಿಲ್ಲ. ಚಹಾದಂಗಡಿಯ ಕಮ್ಯುನಿಸ್ಟನ ಬಾಯಲ್ಲೂ ಅದೇ, ಲಾಟರಿ ಮಾರುವವನ ಬಾಯಲ್ಲೂ ಅದೇ. ಸಂಜೆ ಊರಿನಿಂದ ಫೋನು: ‘ಟೀವೀಲಿ ಯಾರೋ ಮುಸ್ಲಿಯಾರ್ ಅಂತಿದ್ದಾರಲ್ಲ, ಯಾವ ಪಾರ್ಟಿಯೋರು?’ ನಕ್ಕು ಬಿಡಬಹುದಿತ್ತು, ಆದರೆ ಚುಚ್ಚಿತು. ದಂಡನೆ ತಪ್ಪಿಸಲು ಮಧ್ಯೆ ಬಂದ ಆ ಉಸ್ತಾದ್, ಕೇರಳದ ಸುನ್ನಿ ಧರ್ಮಗುರು ಕಾಂತಪುರಂ ಎ.ಪಿ. ಅಬೂಬಕರ್ ಮುಸ್ಲಿಯಾರರ ಹೆಸರು ಗೊತ್ತಿಲ್ಲದಿದ್ದರೆ ಹೋಗಲಿ, ನಮ್ಮದೇ ರಾಜ್ಯದ ಒಬ್ಬ ಆಲಿಮರ, ಅಂದರೆ ಧರ್ಮವಿದ್ವಾಂಸರ, ಹೆಸರಾದರೂ ನಮಗೆ ಗೊತ್ತಿದೆಯೇ?

ಆ ಪ್ರಕರಣದಲ್ಲಿ ಅವರಿಗೆ ದಾರಿ ಸಿಕ್ಕಿದ್ದು ಹೇಗೆ ಎನ್ನುವುದು ಸ್ವಾರಸ್ಯಕರ. ಸನಾ ಹೂಥಿ ಬಂಡುಕೋರರ ಕೈಯಲ್ಲಿದೆ, ಅಲ್ಲಿ ಭಾರತದ ರಾಯಭಾರ ಕಚೇರಿ ಇಲ್ಲ. ಅಲ್ಲಿನ ಕಾನೂನಿನಲ್ಲಿ ಕೊಲೆಯಾದವನ ವಾರಸುದಾರರಿಗೆ ಮೂರು ದಾರಿ: ಪ್ರತೀಕಾರ ಕೇಳಬಹುದು, ದಿಯಾ ಅಂದರೆ ರಕ್ತಪರಿಹಾರ ತೆಗೆದುಕೊಂಡು ಬಿಡಬಹುದು, ಏನೂ ತೆಗೆದುಕೊಳ್ಳದೆಯೂ ಕ್ಷಮಿಸಬಹುದು. ಹಾಗಾಗಿ ಸರ್ಕಾರಕ್ಕಿಂತ ಮೊದಲು ಆ ಮನೆಯ ಬಾಗಿಲು ತಟ್ಟಬಲ್ಲವರು ಬೇಕು. ಮುಸ್ಲಿಯಾರರು ಹಿಡಿದದ್ದು ಯೆಮೆನ್ನಿನದೇ ಹದ್ರಮೌತ್ ಪ್ರಾಂತ್ಯದ ತರೀಮ್ ಪಟ್ಟಣದ ಸೂಫಿ ವಿದ್ವಾಂಸ ಹಬೀಬ್ ಉಮರ್ ಬಿನ್ ಹಫೀಝರನ್ನು. ಇದು ನಿನ್ನೆ ಮೊನ್ನೆಯ ಪರಿಚಯವಲ್ಲ. ಮಲಬಾರಿನ ಎಷ್ಟೋ ತಂಙಳ್ (ಪ್ರವಾದಿ ವಂಶದವರೆನ್ನುವ ಸಯ್ಯಿದ್) ಮನೆತನಗಳು ಬಂದದ್ದೇ ಆ ನಾಡಿನಿಂದ, ಮಂಬುರಂ ತಂಙಳರ ಮೂಲವೂ ತರೀಮೇ. ಎರಡೂ ಕಡೆ ಶಾಫಿ ಪಂಥ (ಸುನ್ನಿ ಧರ್ಮಕಾನೂನಿನ ಒಂದು ಶಾಖೆ), ಓದುವುದು ಹೆಚ್ಚುಕಡಿಮೆ ಅದೇ ಕಿತಾಬುಗಳನ್ನು. ವಿದೇಶಾಂಗ ಇಲಾಖೆಯ ಬಳಿ ಇಲ್ಲದ ವಿಳಾಸ ಪುಸ್ತಕ ಒಬ್ಬ ದರ್ಸಿನ, ಅಂದರೆ ಮಸೀದಿ ಪಾಠದ, ಮೇಷ್ಟರ ಬಳಿ ಇತ್ತು.

ಮೇಷ್ಟರು ಎಂದದ್ದು ಬೇಕೆಂದೇ. 1931ರಲ್ಲಿ ಕಲ್ಲಿಕೋಟೆ ಜಿಲ್ಲೆಯ ಕಾಂತಪುರದಲ್ಲಿ ಹುಟ್ಟಿದ ಇವರು ವೆಲ್ಲೂರಿನ ಬಾಖಿಯಾತ್ ಅರಬಿ ಕಾಲೇಜಿನಲ್ಲಿ ಓದು ಮುಗಿಸಿ ಬಂದು ಹಿಡಿದದ್ದು ಮಸೀದಿಯ ದರ್ಸು. 1978ರಲ್ಲಿ ಕಾರಂದೂರಿನಲ್ಲಿ ಮರ್ಕಝ್ ಎಂಬ ವಿದ್ಯಾಕೇಂದ್ರ ಕಟ್ಟಿದರು. ಅನಾಥಾಲಯ, ಶರೀಅತ್ ಕಾಲೇಜು, ಶಾಲೆಗಳು ಎಲ್ಲ ಅಲ್ಲಿ ಬೆಳೆದವು. ವಯನಾಡು ಘಾಟಿಯ ಬುಡದ ಕೈದಪ್ಪೊಯಿಲಿನಲ್ಲಿ 125 ಎಕರೆಯ ನಾಲೆಜ್ ಸಿಟಿ ಎದ್ದಿದೆ, ಯುನಾನಿ ವೈದ್ಯ ಕಾಲೇಜು, ಕಾನೂನು ಕಾಲೇಜು ಸಮೇತ. 2019ರಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಅವರನ್ನು ಗ್ರ್ಯಾಂಡ್ ಮುಫ್ತಿ ಎಂದು ಘೋಷಿಸಿದರು. ಆ ಪದವಿಗೆ ಸರ್ಕಾರದ ಮುದ್ರೆಯೇನೂ ಇಲ್ಲ, ಅದನ್ನು ಒಪ್ಪದ ಪಂಗಡಗಳೂ ಬೇಕಾದಷ್ಟಿವೆ.

ಕಟ್ಟಡಗಳಿಗಿಂತ ದರ್ಸನ್ನು ನೋಡಬೇಕು. ವಿದ್ಯಾರ್ಥಿ ಅರಬಿಯಲ್ಲಿ ಒಂದು ಸಾಲು ಓದುತ್ತಾನೆ. ಉಸ್ತಾದ್ ನಿಲ್ಲಿಸಿ ಪದ ಪದಕ್ಕೂ ಮಲಯಾಳದಲ್ಲಿ ಅರ್ಥ ಹಚ್ಚುತ್ತಾರೆ, ವ್ಯಾಕರಣ ತಪ್ಪಿದರೆ ಅದೇ ಸಾಲನ್ನು ಮತ್ತೆ ಓದಿಸುತ್ತಾರೆ. ಫಿಖ್ಹ್‌ಗೆ (ಧರ್ಮಕಾನೂನಿನ ಪಾಠಕ್ಕೆ) ಇಡುವ ಮುಖ್ಯ ಕಿತಾಬು ಫತ್‌ಹುಲ್ ಮುಈನ್, ಅದು 16ನೇ ಶತಮಾನದಲ್ಲಿ ಪೊನ್ನಾನಿಯ ಮಖ್ದೂಮರು ಬರೆದದ್ದು. ಕೊನೆಯ ಹಂತ ಹದೀಸುಗಳ, ಅಂದರೆ ಪ್ರವಾದಿಯವರ ನುಡಿಗಳ, ಸಂಗ್ರಹ ಸಹೀಹ್ ಬುಖಾರಿ. ಕಾರಂದೂರಿನಲ್ಲಿ ಅದನ್ನು ಮುಗಿಸುವ ದಿನವೇ ಒಂದು ದೊಡ್ಡ ಸಭೆ: ನಾಲಿಗೆಗೆ ಹಗುರ, ತಕ್ಕಡಿಗೆ ಭಾರವಾದ ಎರಡು ಮಾತುಗಳ ಬಗ್ಗೆ ಇರುವ ಆ ಕೊನೆಯ ಹದೀಸನ್ನು ಉಸ್ತಾದರು ಓದಿಸಿ ವಿವರಿಸುವುದನ್ನು ಕೇಳಲು ಹಳೇ ವಿದ್ಯಾರ್ಥಿಗಳು ಬಸ್ಸು ಮಾಡಿಕೊಂಡು ಬರುತ್ತಾರೆ. ವಿವರಣೆಯೆಲ್ಲ ಮಲಯಾಳದಲ್ಲೇ.

ಇನ್ನು ಮಕ್ಕಳ ಮದ್ರಸ. ಬೆಳಿಗ್ಗೆ 7ರ ಸುಮಾರಿಗೆ ಶುರು, ಶಾಲೆಯ ಗಂಟೆಗೆ ಮುಂಚೆ ಬಿಡಬೇಕು. ಕೇರಳದ ಸುನ್ನಿ ಉಲಮಾಗಳ (ಧರ್ಮವಿದ್ವಾಂಸರ) ಸಂಘಟನೆ ಸಮಸ್ತದ ವಿದ್ಯಾಭ್ಯಾಸ ಮಂಡಳಿ 1951ರಿಂದ ನಡೆಸಿಕೊಂಡು ಬಂದ ವ್ಯವಸ್ಥೆ ಇದು: ಒಂದೇ ಪಠ್ಯ, ತರಬೇತಾದ ಮೇಷ್ಟರು, 5, 7, 10ನೇ ತರಗತಿಗೆ ಪಬ್ಲಿಕ್ ಪರೀಕ್ಷೆ, ತಪಾಸಣೆಗೆ ಇನ್‌ಸ್ಪೆಕ್ಟರು. ಹುಡುಗ ಮದ್ರಸವನ್ನೂ ಬಿಡುವುದಿಲ್ಲ, ಶಾಲೆಯನ್ನೂ ಬಿಡುವುದಿಲ್ಲ. ಎಡವಟ್ಟಾಗುವುದು ಗಡಿಯಾರದಲ್ಲಿ. 2025ರಲ್ಲಿ ಸರ್ಕಾರ ಹೈಸ್ಕೂಲಿನ ಅವಧಿಯನ್ನು ದಿನಕ್ಕೆ ಅರ್ಧ ಗಂಟೆ ಹಿಗ್ಗಿಸಿದ್ದೇ ತಡ, ಉಲಮಾಗಳು ಬೀದಿಗಿಳಿಯುವ ಮಾತಾಡಿದರು. ಹೊರಗಿನವರಿಗೆ ಇದು ಹಟ ಅನ್ನಿಸಬಹುದು. ಬೆಳಗಿನ ಆ ಎರಡು ಗಂಟೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ ಎಂದು ತಿಳಿದವರಿಗೆ ಆಶ್ಚರ್ಯವಾಗುವುದಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ಘಟ್ಟದ ಮೇಲೆ ದೀನೀ, ಅಂದರೆ ಧಾರ್ಮಿಕ, ಓದಿನ ಭಾಷೆ ಉರ್ದು. ಬೆಂಗಳೂರಿನ ಸಬೀಲುರ್ರಶಾದ್ ಅರಬಿ ಕಾಲೇಜು ಸಣ್ಣ ಸಂಸ್ಥೆಯಲ್ಲ. ಅದರ ಮುಖ್ಯಸ್ಥರಾಗಿದ್ದ ಮುಫ್ತಿ ಅಶ್ರಫ್ ಅಲಿ ರಾಜ್ಯದ ಅಮೀರೆ ಶರೀಅತ್ (ಶರೀಅತ್ ವಿಷಯದ ಮುಖಂಡ), ಹೆಸರಿನ ಜೊತೆಗೆ ಬಾಖವಿ ಎಂಬ ಅದೇ ವೆಲ್ಲೂರಿನ ಗುರುತು ಇದ್ದವರು. 2017ರಲ್ಲಿ ತೀರಿಕೊಂಡರು. ಕಾಂತಪುರಂ ಏನಂದರು ಎಂದು ಕೋಟ್ಟಯಂನ ನಸ್ರಾಣಿ ಕ್ರೈಸ್ತನಿಗೆ ಗೊತ್ತಿರುತ್ತದೆ. ಮುಫ್ತಿ ಸಾಹೇಬರು ಏನಂದಿದ್ದರು ಎಂದು ಶಿವಾಜಿನಗರದಿಂದ ಎರಡು ಬಸ್ ಸ್ಟಾಪ್ ಆಚೆಗಿನ ಕನ್ನಡದವನಿಗೆ ಗೊತ್ತಿತ್ತೇ? ವಿದ್ವತ್ತಿಗೆ ಕೊರತೆ ಇರಲಿಲ್ಲ. ಅದು ಕನ್ನಡದ ಕಿವಿಗೆ ಬೀಳುವ ಏರ್ಪಾಟು ಇರಲಿಲ್ಲ. ರಂಝಾನಿನಲ್ಲಿ ಹಲೀಮ್ ತಿನ್ನಲು ಫ್ರೇಜರ್ ಟೌನಿಗೆ ಹೋಗುತ್ತೇವೆ, ಮಸೀದಿಯ ಮೈಕಿನಲ್ಲಿ ಏನು ಹೇಳುತ್ತಿದ್ದಾರೆ ಎಂದು ಕೇಳುವ ಅಭ್ಯಾಸ ನಮಗಾಗಲಿ, ಹೇಳುವ ಅಭ್ಯಾಸ ಅವರಿಗಾಗಲಿ ಬೆಳೆಯಲಿಲ್ಲ.

ಒಂದೇ ರಾಜ್ಯದೊಳಗೆ ಈ ಗೆರೆ ಎಷ್ಟು ಸ್ಪಷ್ಟ ಎಂದು ನೋಡಬೇಕಾದರೆ ಹಬ್ಬದ ಚಂದ್ರನನ್ನು ನೋಡಿ. 2024ರ ಈದುಲ್ ಫಿತ್ರ್ ಮಂಗಳೂರು, ಉಡುಪಿಯಲ್ಲಿ ಏಪ್ರಿಲ್ 10, ಬೆಂಗಳೂರಿನಲ್ಲಿ 11. ಕರಾವಳಿಯ ಖಾಝಿಗಳು ಕಾಯುವುದು ಕಾಪ್ಪಾಡ್, ಪೊನ್ನಾನಿಯಂಥ ಕೇರಳದ ಕಡಲತೀರಗಳ ಸುದ್ದಿಗೆ. ಘಟ್ಟದ ಮೇಲಿನವರು ಕಾಯುವುದು ಬೆಂಗಳೂರಿನ ಚಂದ್ರದರ್ಶನ ಸಮಿತಿಗೆ. ಕೆಳಗೆ ಶಾಫಿ ಪಂಥ, ಮೇಲೆ ಹನಫಿ ಪಂಥ. ಪುತ್ತೂರು, ಮಡಿಕೇರಿಯ ಉರೂಸ್ ಪೋಸ್ಟರುಗಳಲ್ಲಿ ಹೆಸರಿನ ತುದಿಗೆ ‘ಸಖಾಫಿ’ ಎಂದಿದ್ದರೆ ಅದು ಕಾರಂದೂರಿನ ಸನದು (ಪದವಿ). ಆ ಸನದು ಶಿರಾಡಿ ಹತ್ತಿ ಹಾಸನಕ್ಕೆ ಬರುವಷ್ಟರಲ್ಲಿ ಕಿತಾಬೂ ಬೇರೆ, ಭಾಷೆಯೂ ಬೇರೆ. 2014ರಲ್ಲಿ ಮುಸ್ಲಿಯಾರರು ಕಲಬುರಗಿಯಿಂದ ಮಂಗಳೂರಿಗೆ ಕರ್ನಾಟಕ ಯಾತ್ರೆ ಮಾಡಿದರು. ಅದರ ನೆನಪು ಇರುವುದು ಕರಾವಳಿಯವರಿಗೇ.

ಎಲ್ಲರ ಕಿವಿಗೂ ಬೀಳುವ ಮಾತಿಗೆ ಬೈಗುಳವೂ ಎಲ್ಲರಿಂದ ಬರುತ್ತದೆ. 2015ರಲ್ಲಿ ಮುಸ್ಲಿಯಾರರು ಲಿಂಗ ಸಮಾನತೆ ಇಸ್ಲಾಮಿಗೆ ವಿರುದ್ಧ ಎಂದಾಗ ಮರುದಿನ ಮುಸ್ಲಿಂ ಹೆಣ್ಣುಮಕ್ಕಳೇ ಮಲಯಾಳದಲ್ಲೇ ಉತ್ತರ ಕೊಟ್ಟರು. 2025ರ ಜನವರಿಯಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ವ್ಯಾಯಾಮ ಮಾಡುವುದನ್ನು ಟೀಕಿಸಿದಾಗ ಆಗ ಆಳುತ್ತಿದ್ದ ಪಕ್ಷದವರೇ ಎದುರು ನಿಂತರು, ಮುಸ್ಲಿಯಾರರೂ ಬಿಡದೆ ತಿರುಗಿ ಹೇಳಿದರು. ಆರೇ ತಿಂಗಳಲ್ಲಿ ಯೆಮೆನ್ನಿನ ವಿಷಯಕ್ಕೆ ಅದೇ ಜನ ಹೊಗಳಿದರು. ಪ್ರವಾದಿಯವರದೆಂದು ಮುಸ್ಲಿಯಾರರು ಹೇಳುವ ಕೇಶದ ವಿಷಯದಲ್ಲಂತೂ ಸುನ್ನಿಗಳೊಳಗೇ ವರ್ಷಗಟ್ಟಲೆ ವಾದ ನಡೆದಿದೆ. ಅವರ ಈ ಮಾತುಗಳು ನನಗೂ ಒಪ್ಪಿಗೆಯಾಗುವುದಿಲ್ಲ. ಆದರೆ ಒಪ್ಪದೇ ಇರಲಿಕ್ಕೂ ಮಾತು ಅರ್ಥವಾಗಬೇಕಲ್ಲ. ನಮ್ಮಲ್ಲಿ ಟೀವಿಯವರು ಹತ್ತು ಸೆಕೆಂಡಿನ ಉರ್ದು ತುಣುಕಿಗೆ ಕೆಂಪು ಅಕ್ಷರದ ತಲೆಬರಹ ಹಾಕಿಕೊಟ್ಟರೆ ಅಷ್ಟೇ ನಮ್ಮ ಪಾಲು.

ಇಷ್ಟು ಹೇಳಿದ ಮೇಲೆ ಕೇರಳದ ಲೆಕ್ಕದಲ್ಲಿ ಕಳೆಯಬೇಕಾದ್ದೂ ಇದೆ. ಯೆಮೆನ್ನಿನ ಗೆಲುವು ಪೂರ್ತಿ ಗೆಲುವಲ್ಲ. ದಂಡನೆ ಮುಂದಕ್ಕೆ ಹೋಯಿತು. ಶಿಕ್ಷೆಯೇ ರದ್ದಾಯಿತೆಂದು ಮುಸ್ಲಿಯಾರರ ಕಚೇರಿ ಜುಲೈ ಕೊನೆಯಲ್ಲಿ ಹೇಳಿದ್ದನ್ನು ವಿದೇಶಾಂಗ ಇಲಾಖೆಯ ಮೂಲಗಳು ನಿರಾಕರಿಸಿದವು, ಸತ್ತವನ ಸಹೋದರ ರಾಜಿಯಿಲ್ಲ ಎಂದೇ ಸಾರಿದ. ಇನ್ನು 1989ರ ಒಡಕು. 1926ರಲ್ಲಿ ಹುಟ್ಟಿದ ಸಮಸ್ತ ಎಪಿ (ಕಾಂತಪುರಂ ಬಣ), ಇಕೆ (ಇ.ಕೆ. ಅಬೂಬಕರ್ ಮುಸ್ಲಿಯಾರರ ಬಣ) ಎಂದು ಎರಡಾಯಿತು. ಒಂದೇ ಮಹಲ್ಲಿನಲ್ಲಿ (ಮಸೀದಿಯ ವ್ಯಾಪ್ತಿಯಲ್ಲಿ) ಎರಡು ಮದ್ರಸ, ಎರಡು ಪಠ್ಯ, ಎರಡು ಪರೀಕ್ಷೆ. ಮಸೀದಿಯ ಆಡಳಿತ ಯಾರ ಕೈಗೆ ಎಂದು ಕೋರ್ಟಿನಲ್ಲಿ ಕೇಸು. ಶಿಸ್ತಿನ ಸಂಘಟನೆಗೆ ಜಗಳವನ್ನೂ ಅಷ್ಟೇ ಶಿಸ್ತಾಗಿ ಆಡಲು ಬರುತ್ತದೆ.

ಮಲಯಾಳ ಎಲ್ಲರ ಮನೆಮಾತಾಗಿರುವ ನಾಡಿನಲ್ಲಿ ಮಲಯಾಳದಲ್ಲಿ ದರ್ಸು ಹೇಳುವುದು ಸಾಹಸವೇನಲ್ಲ ಎಂಬುದನ್ನೂ ಒಲ್ಲದ ಮನಸ್ಸಿನಿಂದಲೇ ಒಪ್ಪಬೇಕು. ನಮ್ಮಲ್ಲಿ ಉರ್ದು, ಬ್ಯಾರಿ, ನವಾಯತಿ, ಕನ್ನಡ, ಕೊಡಗಿನ ಕಡೆ ಮಲಯಾಳ. ಯಾವುದರಲ್ಲಿ ಪಠ್ಯ ಅಚ್ಚು ಹಾಕಿಸುವುದು? ಅಷ್ಟಾದರೂ ‘ಸನ್ಮಾರ್ಗ’ ವಾರಪತ್ರಿಕೆ ದಶಕಗಳಿಂದ ಕನ್ನಡದಲ್ಲೇ ಬರುತ್ತಿದೆ, ‘ವಾರ್ತಾಭಾರತಿ’ ದಿನಪತ್ರಿಕೆ ಇದೆ, ಕುರ್‌ಆನ್ ಕನ್ನಡಕ್ಕೆ ಬಂದಿದೆ. 2014ರ ಫೆಬ್ರವರಿಯಲ್ಲಿ ತೀರಿಕೊಂಡ ಉಳ್ಳಾಲ ತಂಙಳ್ ಕೇರಳದಲ್ಲಿ ಹುಟ್ಟಿ ಬಾಳಿನ ಬಹುಪಾಲು ಉಳ್ಳಾಲದಲ್ಲೇ ಪಾಠ ಹೇಳಿದವರು. 1989ರ ಒಡಕಿನಲ್ಲಿ ಕಾಂತಪುರಂ ಕಡೆಯ ಸಮಸ್ತಕ್ಕೆ ಅಧ್ಯಕ್ಷರಾದವರು ಅವರೇ. ಮಂಗಳೂರಿನಿಂದ ಬೆಂಗಳೂರಿಗೆ ರೈಲು ಹತ್ತುವ ಎಷ್ಟು ಮಂದಿಗೆ ಇದು ಗೊತ್ತೋ ನೋಡಿ.