ಐದು ನಿಮಿಷದಲ್ಲಿ ಬಂದೆ

"ನೀನು ಇಲ್ಲೇ ಕೂತಿರು, ಐದು ನಿಮಿಷದಲ್ಲಿ ಬಂದೆ" ಅಂತ ಹೆಂಡತಿಗೆ ಹೇಳಿ ನಾನು ಬುರುಜಿನ ಮೆಟ್ಟಿಲು ಹತ್ತಿದೆ. ಫೋನು, ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ಎಲ್ಲ ಅವಳ ಬ್ಯಾಗಿನಲ್ಲೇ ಉಳಿದವು. ಮಗಳು ಮೊಮ್ಮಗನನ್ನು ಕರೆದುಕೊಂಡು ನದಿ ದಡದಲ್ಲಿರುವ 22 ಟನ್ ತೂಕದ ಕಲ್ಲೆಸೆಯುವ ಯಂತ್ರ ನೋಡಲು ಹೋಗಿದ್ದಳು.

ಊರು ಇಂಗ್ಲೆಂಡಿನ ವಾರಿಕ್. ಬರೆಯುವುದು ವಾರ್ವಿಕ್ ಅಂತ, ಓದುವಾಗ ಮಧ್ಯದ 'ವ' ಕಾರವನ್ನು ನುಂಗಿಬಿಡುತ್ತಾರೆ. ನಾನು ನುಂಗಿರಲಿಲ್ಲ, ಮಗಳು ಮೂರು ಸಲ ತಿದ್ದಿದಳು. ಏವನ್ ನದಿಯ ತಿರುವಿನಲ್ಲಿ 1068ರಲ್ಲಿ ವಿಲಿಯಂ ದೊರೆ ಕಟ್ಟಿಸಿದ್ದು ಮಣ್ಣುದಿಬ್ಬ ಮತ್ತು ಮರದ ಕೋಟೆ. ಕಲ್ಲಿನದು ಆಮೇಲೆ ಬಂತು.

ಬುರುಜಿನ ಬಾಗಿಲಲ್ಲಿ ಒಂದು ಬೋರ್ಡಿತ್ತು. ಕನ್ನಡಕವೂ ಬ್ಯಾಗಿನಲ್ಲೇ. ಬೋರ್ಡಿನಲ್ಲಿ ಇನ್ನೇನಿರುತ್ತೆ, ಗೋಡೆ ಮೇಲೆ ಹೆಸರು ಕೆತ್ತಬೇಡಿ ಅಂತ ತಾನೆ? ಅಲ್ವಂತೆ. 500ಕ್ಕೂ ಜಾಸ್ತಿ ಮೆಟ್ಟಿಲು, ಒನ್‌ವೇ, ಹತ್ತಿದವರು ವಾಪಸ್ ಬರುವ ಹಾಗಿಲ್ಲ ಅಂತ.

ಇದು ಗೊತ್ತಾದದ್ದು ನೂರನೇ ಮೆಟ್ಟಿಲ ಹೊತ್ತಿಗೆ. ಸುರುಳಿ ಮೆಟ್ಟಿಲು, ಎರಡು ಭುಜಕ್ಕೂ ಗೋಡೆ. ಹಿಂದೆ ಒಬ್ಬ ದಡೂತಿ ಆಸಾಮಿ, ಅವನ ಹಿಂದೆ ಒಂದಿಡೀ ಶಾಲೆ. ಇಳಿಯೋಣ ಅಂತ ತಿರುಗಿದೆ. ಆಸಾಮಿ "ಸಾರಿ" ಅಂದ, ಆದರೆ ಅಲ್ಲಾಡಲಿಲ್ಲ. ಪಾಪ, ಅಲ್ಲಾಡಲು ಜಾಗವೇ ಇರಲಿಲ್ಲ.

ಸೀಸರನ ಬುರುಜು 44 ಮೀಟರ್ ಎತ್ತರ. ಹೆಸರಷ್ಟೇ ಸೀಸರನದು, ಕಟ್ಟಿದ್ದು 14ನೇ ಶತಮಾನದಲ್ಲಿ. ಕೆಳಗೆ ಸೆರೆಮನೆ ಬೇರೆ ಇದೆ. 1469ರಲ್ಲಿ ಇಲ್ಲಿನ ಅರ್ಲ್, ಅಂದರೆ ಈ ಕೋಟೆಯ ಒಡೆಯ, ರಾಜ ನಾಲ್ಕನೇ ಎಡ್ವರ್ಡ್‌ನನ್ನೇ ತಂದು ಈ ಕೋಟೆಯಲ್ಲಿ ಇಟ್ಟಿದ್ದನಂತೆ. ರಾಜನಿಗೇ ಬಿಡುಗಡೆ ಇಲ್ಲದ ಕಡೆ ನನ್ನದೇನು ಅಂತ ಸಮಾಧಾನ ಮಾಡಿಕೊಂಡು ಕೋಟೆಗೋಡೆ ಮೇಲೆ ನಡೆದೆ. ಮುಂದೆ ಹನ್ನೆರಡು ಮುಖದ ಗೈ ಬುರುಜು. ಮತ್ತೆ ಮೆಟ್ಟಿಲು.

ಈ ಗೈ ದಂತಕಥೆಯ ವೀರ. ಅವನು ಗಂಜಿ ಕುಡಿಯುತ್ತಿದ್ದ ಪಾತ್ರೆ ಅಂತ ಒಂದು ದೊಡ್ಡ ಹಂಡೆಯನ್ನು ಒಳಗೆ ದರ್ಬಾರು ಹಾಲಿನಲ್ಲಿ ಇಟ್ಟಿದ್ದಾರೆ. ಬೆಳಿಗ್ಗೆ ಅದನ್ನು ನೋಡಿ ನನ್ನಾಕೆ, "ಇಷ್ಟೇನಾ? ನಮ್ಮ ಮದುವೇಲಿ ಹುಳಿ ಮಾಡಿದ ಕೊಪ್ಪರಿಗೆ ಇದಕ್ಕಿಂತ ದೊಡ್ಡದಿತ್ತು ರೀ" ಅಂದಿದ್ದಳು. ಆ ಹುಳಿ ಈಗ ನೆನಪಾಗಿ ಹೊಟ್ಟೆ ಚುರುಗುಟ್ಟಿತು.

ತುದಿಯಿಂದ ಏವನ್ ನದಿ ಚೆನ್ನಾಗಿ ಕಾಣುತ್ತೆ ಅಂತಾರೆ. ನಾನು ನೋಡಿದ್ದು ಅಂಗಳದ ಬೆಂಚನ್ನು. ಬೆಂಚಿನ ಮೇಲೆ ಹೆಂಡತಿ, ಎದುರಿಗೆ ಒಂದು ನವಿಲು. ಇಲ್ಲಿ ನವಿಲುಗಳಿಗೇ ಅಂತ ಒಂದು ತೋಟ ಇದೆ, ಅವು ಮಾತ್ರ ಎಲ್ಲೆಂದರಲ್ಲಿ ತಿರುಗುತ್ತವೆ. ನಮ್ಮೂರ ಕಡೆಯದೇ ಹಕ್ಕಿ, ಪರದೇಶದಲ್ಲಿ ಸಿಕ್ಕಿದೆ. ಇವಳು ಡಬ್ಬಿ ಬಿಚ್ಚುತ್ತಿದ್ದಳು. "ಏಯ್!" ಅಂತ ಕೂಗಿದೆ. ಶಾಲೆ ಮಕ್ಕಳೆಲ್ಲ ಕೈ ಬೀಸಿದರು.

ಮುಕ್ಕಾಲು ಗಂಟೆ ಆದ ಮೇಲೆ ಎಲ್ಲೋ ಒಂದು ಬಾಗಿಲಿಂದ ಹೊರಬಿದ್ದೆ. ಡಬ್ಬಿಯಲ್ಲಿ ಕರಿಬೇವು, ಎರಡು ಒಣಮೆಣಸಿನಕಾಯಿ. ಕಡಲೆಬೀಜ ಒಂದೂ ಇಲ್ಲ.

"ಮೊದಲು ನೀರು ಕೊಡು ಮಾರಾಯ್ತಿ" ಅಂದೆ.

"ಐದು ನಿಮಿಷ ತಡೀರಿ" ಅಂದಳು.